ಅಪ್ಪಾಜಿಗೆ ಕೇಳಿಸದ ಸದ್ದು

ಬಾಣಂತಿಯ ಕಿವಿಗೆ ಅರಳೆ ಇಡುತ್ತಾರೆ. ಶೀತ ಹೊಕ್ಕರೆ ವಯಸ್ಸಾದ ಮೇಲೆ ತಲೆನೋವು ಬಿಡುವುದಿಲ್ಲವಂತೆ. ನನಗೂ ಇಟ್ಟಿದ್ದರು. ಅರಳೆಯ ಮೇಲೆ ಹಳೇ ಪಂಚೆಯ ತುಂಡೊಂದನ್ನು ತಲೆ ಸುತ್ತ ಬಿಗಿದು, ಅದರ ಮೇಲೆ ಉಲನ್ ಸ್ಕಾರ್ಫ್ ಕಟ್ಟಿ, ಇಷ್ಟು ಸಿಂಗಾರ ಮಾಡಿ ನನ್ನನ್ನು ಸೊರಬದ ತವರುಮನೆಯ ಕೋಣೆಯೊಂದರಲ್ಲಿ ಕೂಡಿಹಾಕಿದ್ದರು. ಕೂಡಿಹಾಕಿದ್ದರು ಎಂದರೆ ಅವ್ವನಿಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆರೈಕೆ ಮಾಡಿದೆವು ಎನ್ನುತ್ತಾಳೆ. ಎರಡೂ ನಿಜವೇ.

ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದಕ್ಕೆ ಗೋಣಿಚೀಲ ಬಡಿದಿದ್ದರು. ಮಂಚದ ಕೆಳಗೆ ಕೆಂಡದ ಬಾಂಡಲಿ, ದಿನಕ್ಕೆರಡು ಸಲ ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಓದುವ ಹಾಗಿಲ್ಲ, ಕಣ್ಣು ಹೋಗುತ್ತದೆ. ಜಾಸ್ತಿ ಮಾತಾಡುವ ಹಾಗಿಲ್ಲ, ನರ ಸಡಿಲಾಗುತ್ತದೆ. ಬಚ್ಚಲಿಗೆ ಹೋಗುವುದಿದ್ದರೂ ಹಿಂದಿನ ಬಾಗಿಲಿನಿಂದಲೇ. ಪಡಸಾಲೆಯ ಕಡೆ ಮುಖ ಹಾಕುವಂತಿಲ್ಲ. ಹೀಗೆ ಮೂರು ತಿಂಗಳು. ನಮ್ಮದು ಸೂತಕ ಗೀತಕ ಮಾಡುವ ಮನೆಯಲ್ಲ ಎಂದು ಅಪ್ಪಾಜಿ ಹೊರಗಿನವರ ಮುಂದೆ ಹೇಳಿಕೊಳ್ಳುತ್ತಿದ್ದರು. ಆದರೂ ನನ್ನ ಮಗಳು ಹುಟ್ಟಿ ತಿಂಗಳಾಗಿದ್ದರೂ ಅವರು ಆ ಕೋಣೆಯ ಹೊಸಿಲು ದಾಟಿರಲಿಲ್ಲ. ಬೆಳಗ್ಗೆ ಒಂದು ಸಲ ಹೆಂಗಸರೇ ಕೂಸನ್ನು ಹೊರಗೊಯ್ದು ಅವರಿಗೆ ತೋರಿಸಿ ತರುತ್ತಿದ್ದರು, ಅಷ್ಟೇ.

ಕೋಣೆಯ ನನ್ನ ತಲೆದಿಂಬಿನ ಕಡೆಯ ಗೋಡೆಯಾಚೆ ಪಡಸಾಲೆ. ಆ ಗೋಡೆಯಲ್ಲಿ ಹಿಂದೆ ಒಂದು ಬಾಗಿಲಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ವಾಸ್ತು ನೋಡುವವನು ಬಂದು, ಈ ಬಾಗಿಲು ಇರಬಾರದು ಎಂದಿದ್ದ. ಅದಕ್ಕೆ ಎರಡೂ ಕಡೆ ಹಲಗೆ ಬಡಿದು ಸುಣ್ಣ ಬಳಿದಿದ್ದರು. ಗೋಡೆಯ ಹಾಗೆ ಕಾಣುತ್ತಿತ್ತು, ಆದರೆ ಬೆರಳಿನಿಂದ ತಟ್ಟಿದರೆ ಡೊಳ್ಳು. ನನ್ನ ಮಂಚ ಅದಕ್ಕೇ ತಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪಾಜಿಗೆ ಅಡಿಕೆ ಮಂಡಿ. ಆ ವರ್ಷ ವ್ಯಾಪಾರದ ಕೆಲಸಕ್ಕೆ ಮುಂಬೈಗೆ ಹೋದವರು ಅಲ್ಲಿ ಖರೀದಿದಾರನೊಬ್ಬನ ಮನೆಯಲ್ಲಿ ಹೋಮ್ ಥಿಯೇಟರ್ ಎಂಬುದನ್ನು ಕಂಡು ಬಂದರು. ಕಂಡು ಬಂದದ್ದಕ್ಕಿಂತ ಕೇಳಿ ಬಂದರು ಎನ್ನಬೇಕು. ಪರದೆಯ ಮೇಲೆ ಏನಿತ್ತೋ ಅವರಿಗೆ ನೆನಪಿರಲಿಲ್ಲ. "ಗುಡುಗು ಹೊಡೀತು ನೋಡು, ಎದೆಗೇ ಬಂದು ಗುದ್ದಿದಂಗಾತು. ಕಿವಿಗಲ್ಲ, ಎದೆಗೆ" ಎಂದು ಬಂದವರಿಗೆಲ್ಲ ಎದೆಯ ಮೇಲೆ ಕೈಯಿಟ್ಟು ತೋರಿಸುತ್ತಿದ್ದರು. ಸಿನಿಮಾದ ಹುಚ್ಚಿಲ್ಲದ, ಇಸ್ಪೀಟು ಮುಟ್ಟದ, ಮಂಡಿ ಬಿಟ್ಟರೆ ಮನೆ ಎಂದಿದ್ದ ಮನುಷ್ಯ. ಅವರು ತಮಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದಕ್ಕೇ ಅವರ ಮೇಲೆ ಪೂರ್ತಿ ಸಿಟ್ಟಾಗಲು ನನಗೆ ಈಗಲೂ ಆಗುವುದಿಲ್ಲ.

ಅದೇ ಖರೀದಿದಾರನ ಮೂಲಕ ಸೆಟ್ ಬಂತು. ಐದು ಸಣ್ಣ ಸ್ಪೀಕರು, ಒಂದು ರಿಸೀವರು, ಒಂದು ಡಿಸ್ಕ್ ಪ್ಲೇಯರು, ಮತ್ತೆ ಒಬ್ಬ ಆಳು ತಬ್ಬಿ ಎತ್ತಬೇಕಾದ ದೊಡ್ಡ ಕಪ್ಪು ಪೆಟ್ಟಿಗೆ. ಅದು ಸಬ್ ವೂಫರ್. ಎದೆಗೆ ಗುದ್ದುವುದು ಅದರ ಕೆಲಸ. ಜೋಡಿಸಲು ಶಿಕಾರಿಪುರದಿಂದ ಒಬ್ಬ ರೇಡಿಯೋ-ಟೀವಿ ಮೆಕ್ಯಾನಿಕ್ ಬಂದ. ನನ್ನ ಗಂಡನ ಮನೆಯೂ ಶಿಕಾರಿಪುರವೇ ಆದ್ದರಿಂದ ಅವನನ್ನು ಗೊತ್ತುಮಾಡಿ ಕಳಿಸಿದ್ದು ನಮ್ಮವರೇ. ಒಳ್ಳೆಯ ಕೈ ಎಂದು ಹೆಸರಾದವನು. ಆದರೆ ಇಂಥ ಸೆಟ್ಟನ್ನು ಅವನೂ ಮುಟ್ಟಿದ್ದು ಅದೇ ಮೊದಲು. ಹಾಗೆಂದು ಹೇಳಿಕೊಳ್ಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಪೆಟ್ಟಿಗೆಯನ್ನು ಎಲ್ಲಿಡುವುದು? ಭಾರದ ಸಾಮಾನು ನೈಋತ್ಯ ಮೂಲೆಗೆ ಎಂಬುದು ನಮ್ಮ ಮನೆಯಲ್ಲಿ ಚರ್ಚೆಯಿಲ್ಲದ ಮಾತು. ಕಬ್ಬಿಣದ ಬೀರು ಇದ್ದದ್ದೂ ಅಲ್ಲೇ. ಅದನ್ನು ಸರಿಸಿ ಪೆಟ್ಟಿಗೆಯನ್ನು ಮೂಲೆಗೆ ಒತ್ತರಿಸಿ ಇಟ್ಟರು. ಅದರ ಬೆನ್ನು ಆನಿದ್ದು ಹಲಗೆ ಬಡಿದ ಬಾಗಿಲಿಗೆ. ಆಚೆ ಅದು, ಈಚೆ ನಾನು.

ಇನ್ನು ಅಪ್ಪಾಜಿಯ ಕುರ್ಚಿ. ನಮ್ಮ ಪಡಸಾಲೆ ಆಯ ನೋಡಿ ಕಟ್ಟಿದ್ದು, ಉದ್ದ ಅಗಲ ಎರಡೂ ಒಂದೇ. ಅದರ ನಟ್ಟನಡುವೆ, ಫ್ಯಾನಿನ ಕೆಳಗೆ ಕುರ್ಚಿ. ಅಲ್ಲಿ ಕೂತರೆ ಬೀದಿಬಾಗಿಲು, ಅಡುಗೆಮನೆ, ಫೋನು ಮೂರೂ ಕಾಣುತ್ತವೆ. ಕೆಂಪು ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಬಿದ್ದಿತ್ತು. ಗುಡಿಸುವಾಗಲೂ ಅವ್ವ ಅದರ ಸುತ್ತ ಗುಡಿಸುತ್ತಿದ್ದಳೇ ಹೊರತು ಎತ್ತುತ್ತಿರಲಿಲ್ಲ. ಬೇರೆಯವರು ಅದರಲ್ಲಿ ಕೂರುವುದಂತೂ ಕನಸಿನ ಮಾತು.

ಮೊದಲ ದಿನ ಪೆಟ್ಟಿಗೆಗೆ ಕುಂಕುಮವಿಟ್ಟು ಕಾಯಿ ಒಡೆದು ಡಿಸ್ಕ್ ಹಾಕಿದರು. ನಾನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಮೊದಲು ಸದ್ದು ಕೇಳಲಿಲ್ಲ, ಮಂಚ ನಡುಗಿತು. ಆಮೇಲೆ ಬೆನ್ನ ಹಿಂದಿನ ಹಲಗೆಯನ್ನು ಯಾರೋ ಆಚೆಯಿಂದ ಒದ್ದ ಹಾಗೆ ಧಮ್ ಎಂದಿತು. ಮಗಳು ಮೊಲೆ ಬಿಟ್ಟು ಎರಡೂ ಕೈ ಮೇಲಕ್ಕೆಸೆದು, ಬೆರಳು ಅಗಲಿಸಿ, ಉಸಿರು ಕಟ್ಟಿದ ಹಾಗೆ ಒಂದು ಕ್ಷಣ ನಿಂತು ಕಿರುಚಿದಳು. ಎದೆಗವಚಿಕೊಂಡು ತಟ್ಟಿದೆ. ಮತ್ತೆ ಧಮ್. ಮತ್ತೆ ಅದೇ.

ಅರಳೆ ಇದ್ದರೆ ಮಾತು ಸರಿಯಾಗಿ ಕೇಳುವುದಿಲ್ಲ, ಪಾತ್ರೆ ಸದ್ದು ಕೇಳುವುದಿಲ್ಲ, ಹಕ್ಕಿ ಕೂಗಿದ್ದು ಕೇಳುವುದಿಲ್ಲ. ಆ ಗುದ್ದು ಮಾತ್ರ ಅರಳೆಯನ್ನು ಲೆಕ್ಕಕ್ಕೇ ಇಡದೆ ಒಳಗೆ ಬರುತ್ತಿತ್ತು. ಒಂದು ಕಿವಿಯ ಅರಳೆ ತೆಗೆದು ಹಲಗೆಗೆ ಕಿವಿ ಕೊಟ್ಟೆ. ಅಪ್ಪಾಜಿಯ ದನಿ:

"ಏನೂ ಬರ್ತಾನೇ ಇಲ್ವಲ್ಲಯ್ಯ."

ನಾನು ದಂಗಾದೆ.

"ಬರ್ತತಿ ಸಾವ್ಕಾರ್ರೇ. ನಾ ಇಲ್ಲಿ ಪೆಟಿಗಿ ಹತ್ರ ನಿಂತ್ರೆ..."

"ನೀ ಅಲ್ಲಿ ನಿಂತಿದ್ರೆ ನಿಂತ್ಕ. ನಾನು ಇಲ್ಲಿ ಕೂತೀನಿ. ನಂಗೆ ಏನೂ ಇಲ್ಲ."

ಆಮೇಲೆ ಮೆಕ್ಯಾನಿಕ್ ಎಂದ: "ಹೌದ್ರೀ, ಸ್ವಲ್ಪ ಕಡಿಮಿ ಐತಿ. ಏರಸ್ತೀನಿ."

ಅಂದಿನಿಂದ ಅದೇ ಆಟ. ಅವನು ದಿನಾ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಬರುತ್ತಿದ್ದ. ಕರೆಂಟ್ ಇದ್ದಷ್ಟು ಹೊತ್ತು ತಂತಿ ಬಿಚ್ಚುತ್ತಿದ್ದ, ಕಟ್ಟುತ್ತಿದ್ದ, ಪೆಟ್ಟಿಗೆಯ ಹೊಟ್ಟೆ ಬಗೆದು ನೋಡುತ್ತಿದ್ದ. ಅಪ್ಪಾಜಿ ಮಧ್ಯಾಹ್ನ ಮಂಡಿಯಿಂದ ಬಂದು ಕುರ್ಚಿಯಲ್ಲಿ ಕೂತು ಇಲ್ಲ ಎನ್ನುತ್ತಿದ್ದರು. ಅವನು ಏರಿಸುತ್ತಿದ್ದ. ಆ ಕುರ್ಚಿಯ ಜಾಗದಲ್ಲಿ ಒಂದು ಸಲ ತಲೆಯಿಟ್ಟು ಕೇಳಿದ್ದರೆ ಅವನಿಗೆ ಅರ್ಧ ದಿನದಲ್ಲಿ ಗೊತ್ತಾಗುತ್ತಿತ್ತು. ಸಾವ್ಕಾರರ ಕುರ್ಚಿಗೆ ತಲೆ ಕೊಡುವ ಧೈರ್ಯ ಯಾವ ಮೆಕ್ಯಾನಿಕ್ಕಿಗಿದೆ?

ಈಚೆ ನನ್ನ ಮಗಳ ನಿದ್ದೆ ಹೋಯಿತು. ಬಾಯಿಗೆ ಮೊಲೆ ಕೊಟ್ಟರೆ ಎರಡು ಗುಟುಕು ಕುಡಿದು, ಗುದ್ದು ಬೀಳುವ ಮೊದಲೇ ಬಿಟ್ಟು ಅಳುವುದನ್ನು ಕಲಿತಳು. ಒಂದು ವಾರಕ್ಕೆ ಅವಳ ತೊಡೆಯ ಚರ್ಮ ಸಡಿಲಾದದ್ದು ನನ್ನ ಕೈಗೆ ಗೊತ್ತಾಯಿತು. ನನಗೆ ಹೆದರಿಕೆ ಹತ್ತಿತು. ಅವ್ವನಿಗೆ ಹೇಳಿದೆ, ಆ ಪೆಟ್ಟಿಗೆಯಿಂದಲೇ ಹೀಗಾಗುತ್ತಿದೆ, ಗೋಡೆ ಗುದ್ದುತ್ತಿದೆ ಎಂದು.

ಅವ್ವ ಕೂಸಿನ ಬಟ್ಟೆ ಮಡಚುತ್ತ ತಲೆಯೆತ್ತದೆ ಹೇಳಿದಳು: "ಪಡಸಾಲೇಲಿ ಎದುರಿಗೆ ಕೂತ ನಿಮ್ಮ ಅಪ್ಪಾಜಿಗೇ ಕೇಳ್ಸಲ್ಲ ಅಂತಾರೆ. ಕಿವಿಗೆ ಅರಳೆ ಇಟ್ಕಂಡ ನಿಂಗೆ ಕೇಳ್ತದಾ? ಯಾರ ಮುಂದಾದ್ರೂ ಅಂದೀಯ ಮತ್ತೆ."

ಬಾಣಂತನದ ಯಜಮಾನಿಕೆ ಅವ್ವನದಾಗಿರಲಿಲ್ಲ. ಅದು ಅಪ್ಪಾಜಿಯ ಅಕ್ಕನದು, ಅಂದರೆ ನನ್ನ ಸೋದರತ್ತೆಯದು. ಹತ್ತಾರು ಬಾಣಂತನ ಮಾಡಿದ ಕೈ ಎಂದು ಆಕೆಗೆ ಭಾರೀ ಜಂಬ. ಆಕೆ ಬಾಗಿಲಲ್ಲೇ ನಿಂತು ಇದೆಲ್ಲವನ್ನೂ ಕೇಳಿ, ಅವ್ವನ ಕಡೆ ತಿರುಗಿ ದನಿ ತಗ್ಗಿಸಿ, "ಗೋಡೆ ಗುದ್ದುತದಂತಾ? ಸನ್ನಿ ಗಿನ್ನಿ ಶುರುವಾಗ್ಯಾದೇನು ನೋಡ್ಕ" ಎಂದಳು. ಅದು ಮಾತ್ರ ಅರಳೆ ದಾಟಿ ನನಗೆ ಸರಿಯಾಗಿ ಕೇಳಿಸಿತು. ಬಾಣಂತಿ ಸನ್ನಿ ಎಂಬ ಮಾತು ಒಮ್ಮೆ ಹುಟ್ಟಿದರೆ ಮುಗಿಯಿತು. ಆಮೇಲೆ ನಕ್ಕರೂ ಸನ್ನಿ, ಅತ್ತರೂ ಸನ್ನಿ. ಬಾಯಿ ಮುಚ್ಚಿಕೊಂಡೆ. ಆ ಕತ್ತಲಲ್ಲಿ ಕೂತು, ನಿಜವಾಗಿಯೂ ನನಗೊಬ್ಬಳಿಗೇ ಕೇಳುತ್ತಿದೆಯೇ ಎಂದು ಒಂದೆರಡು ದಿನ ನನ್ನನ್ನೇ ಅನುಮಾನಿಸಿದೆ. ಆ ಎರಡು ದಿನಗಳನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಅತ್ತೆಯ ತೀರ್ಪು ಬೇರೆಯೇ ಇತ್ತು. ಹಾಲು ಕೆಟ್ಟಿದೆ, ಕೂಸಿಗೆ ಒಗ್ಗುತ್ತಿಲ್ಲ. ಪರೀಕ್ಷೆಯೂ ಆಯಿತು. ನನ್ನ ಹಾಲಿನ ನಾಲ್ಕು ಹನಿ ಬಟ್ಟಲಿಗೆ ಹಿಂಡಿಸಿ ಅದಕ್ಕೆ ಒಂದು ಇರುವೆ ಬಿಟ್ಟಳು. ಇರುವೆ ಒದ್ದಾಡಿ ಸತ್ತಿತು. ಎಮ್ಮೆ ಹಾಲಿಗೆ ಬಿಟ್ಟಿದ್ದರೂ ಸಾಯುತ್ತಿತ್ತು, ಈಜು ಬಾರದ ಇರುವೆ. ಆದರೆ ಸಾಕ್ಷಿ ಸಾಕ್ಷಿಯೇ. ಬರುವ ಸೋಮವಾರ ಒಳ್ಳೆಯ ದಿನ, ಅಂದಿನಿಂದ ಹಾಲು ಬಿಡಿಸಿ ಒಳಲೆಯಲ್ಲಿ ಆಕಳ ಹಾಲು ಹಾಕುವುದು ಎಂದು ನಿಶ್ಚಯವಾಯಿತು.

ಆ ನಡುವೆಯೇ ಒಂದು ಮಧ್ಯಾಹ್ನ ಅವ್ವ ಒಂದು ದಪ್ಪ ಪುಸ್ತಕ ಮತ್ತು ಬ್ಯಾಟರಿ ಹಿಡಿದು ಒಳಗೆ ಬಂದಳು. ಸೆಟ್ಟಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ. ಮೆಕ್ಯಾನಿಕ್ ಚಿತ್ರ ನೋಡಿಕೊಂಡು ಇಷ್ಟು ದಿನ ತಳ್ಳಿದ್ದ, ಇನ್ನು ತನ್ನ ಕೈಲಾಗದು ಎಂದಿದ್ದ. ಆಗ ಅಪ್ಪಾಜಿಗೆ ನೆನಪಾಗಿದೆ, ಮಗಳು ಬಿ.ಎಸ್ಸಿ. ಓದಿದವಳಲ್ಲವೇ ಎಂದು. ಎರಡು ವರ್ಷ ಓದಿದ್ದೆ. ಮೂರನೇ ವರ್ಷಕ್ಕೆ ಹೋಗುವ ಹೊತ್ತಿಗೆ ಸಂಬಂಧ ಕುದುರಿಸಿ, ಇಷ್ಟು ಓದಿದ್ದು ಸಾಕು ಎಂದವರು ಇವರೇ.

"ಓದಿದ್ರೆ ಕಣ್ಣು ಹೋಗಲ್ವೇನವ್ವ?" ಎಂದೆ.

"ಸ್ವಲ್ಪ ಓದಿದ್ರೆ ಏನೂ ಆಗಲ್ಲ. ನಿಮ್ಮ ಅಪ್ಪಾಜಿ ಹೇಳ್ಯಾರೆ."

ಬ್ಯಾಟರಿ ಬೆಳಕಿನಲ್ಲಿ ಓದಿದೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಮದುವೆಯಾದ ಮೇಲೆ ಉಪ್ಪು ಖಾರ ಬಿಟ್ಟು ಬೇರೆ ಯಾವ ವಿಷಯಕ್ಕೂ ನನ್ನನ್ನು ಯಾರೂ ಕೇಳಿರಲಿಲ್ಲ. ಪುಸ್ತಕದಲ್ಲಿ ಬರೆದದ್ದು ಕಷ್ಟದ್ದೇನಲ್ಲ. ಸಣ್ಣ ಸ್ಪೀಕರಿನ ಬಾಯಿ ಸಣ್ಣದು, ದಪ್ಪ ಸದ್ದು ಅದರಿಂದ ಆಗದು. ಆದ್ದರಿಂದ ದಪ್ಪ ಸದ್ದನ್ನೆಲ್ಲ ಸೋಸಿ ಸಬ್ ವೂಫರಿಗೆ ಕಳಿಸಬೇಕು, ತೆಳು ಸದ್ದನ್ನು ಮಾತ್ರ ಅವಕ್ಕೆ ಕೊಡಬೇಕು. ಹಾಗೆ ಸೋಸಬೇಕಾದರೆ ರಿಸೀವರಿನಲ್ಲಿ ಒಂದೊಂದು ಸ್ಪೀಕರಿಗೂ ಲಾರ್ಜ್ ಅಥವಾ ಸ್ಮಾಲ್ ಎಂದು ಹೇಳಬೇಕು. ಇವಕ್ಕೆ ಸ್ಮಾಲ್ ಎನ್ನಬೇಕು. ಏನು ಹಾಕಿದ್ದಾನೆ ಎಂದು ಅವ್ವನ ಕೈಲಿ ಕೇಳಿಸಿದೆ. ಅವನು ನಡುಮನೆಯವರೆಗೆ ಬಂದು ಬಾಗಿಲಾಚೆ ನಿಂತು ಉತ್ತರ ಕೊಟ್ಟ.

"ಎಲ್ಲಾದ್ಕೂ ಲಾರ್ಜ್ ಹಾಕೀನಿ ಅಕ್ಕಾರೆ."

"ಯಾಕ್ರೀ? ಇಲ್ಲಿ ಚಿತ್ರ ಸಮೇತ ಕೊಟ್ಟಾರಲ್ಲ, ಇಷ್ಟು ಸಣ್ಣ ಸ್ಪೀಕರಿಗೆ ಸ್ಮಾಲ್ ಅಂತ."

ಅವನು ಹೇಳಿದ: "ಅದು ಟೀವಿ ಮ್ಯಾಲೆ ಅಕ್ಷರದಾಗೆ ಬರ್ತತ್ರಿ. ಸಾವ್ಕಾರ್ರು ಓದ್ತಾರ. ಇಂಥಾ ಮನಿಗೆ ಬಂದು ಸ್ಮಾಲ್ ಅಂತ ಹೆಂಗ್ ಹಾಕ್ಲಿ?"

ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಆಮೇಲೆ ಒಂದು ಚೀಟಿ ಬರೆದೆ: ಸ್ಮಾಲ್ ಎಂದರೆ ಮನೆತನಕ್ಕೆ ಸಂಬಂಧಿಸಿದ್ದಲ್ಲ, ಸ್ಪೀಕರಿನ ಅಳತೆಗೆ ಸಂಬಂಧಿಸಿದ್ದು, ಐದಕ್ಕೂ ಸ್ಮಾಲ್ ಹಾಕಿ, ಸಬ್ ವೂಫರಿಗೆ ಯೆಸ್ ಹಾಕಿ. ಪುಸ್ತಕದಲ್ಲಿ ಹೀಗೆ ಅಚ್ಚಾಗಿದೆ ಎಂದು ಕೆಳಗೆ ಸೇರಿಸಿದೆ. ಅಚ್ಚಾದದ್ದಕ್ಕೆ ಅಪ್ಪಾಜಿ ಬಲು ಮರ್ಯಾದೆ ಕೊಡುತ್ತಿದ್ದರು. ಒಪ್ಪಿದರು.

ನನ್ನ ಜಾಣತನದ ಫಲ ಅರ್ಧ ಗಂಟೆಯಲ್ಲಿ ನನ್ನ ಮೇಲೇ ಬಿತ್ತು. ಇಷ್ಟು ದಿನ ಆರು ಕಡೆ ಹಂಚಿಹೋಗುತ್ತಿದ್ದ ದಪ್ಪ ಸದ್ದೆಲ್ಲ ಈಗ ಸೋಸಿಕೊಂಡು ಬಂದು ಆ ಒಂದೇ ಪೆಟ್ಟಿಗೆಗೆ ಸೇರಿತು. ಪೆಟ್ಟಿಗೆ ನನ್ನ ತಲೆಯ ಹಿಂದೆ. ಹಲಗೆಯ ಸುಣ್ಣ ಉದುರಿ ಕೂಸಿನ ಹಣೆಯ ಮೇಲೆ ಬಿತ್ತು. ಮಗಳು ಅತ್ತು ಅತ್ತು ನೀಲಿಯಾದಳು. ಅರಳೆ ಸರಿಸಿದೆ. ಆಚೆಯಿಂದ ಅಪ್ಪಾಜಿಯ ದನಿ ಕೇಳಿತು: "ಮಾತು ಚಲೋ ಆತು ನೋಡು. ಆದ್ರೆ ಗುಡುಗು ಇಲ್ಲ. ಎದೆಗೆ ಏನೂ ಬರ್ಲಿಲ್ಲ." ನಾನು ಆ ಪುಸ್ತಕವನ್ನು ಮಂಚದಡಿಗೆ ಎಸೆದೆ.

ಕಾರಣ ಹೊಳೆದದ್ದು ಮಾರನೆಯ ದಿನ. ಅತ್ತೆ ಕೂಸಿಗೆ ಎರೆಯಲು ಅಗಲದ ಪರಾತದಲ್ಲಿ ನೀರು ಹಿಡಿದು ತರುತ್ತಿದ್ದಳು. ನಡೆಯುವಾಗ ನೀರು ಓಲಾಡುತ್ತಿತ್ತು. ಈ ಅಂಚಿನಲ್ಲಿ ಏರಿದರೆ ಆ ಅಂಚಿನಲ್ಲಿ ಇಳಿಯುತ್ತಿತ್ತು, ಅಂಚಿನಿಂದ ತುಳುಕುತ್ತಿತ್ತು. ನಡುವೆ ಮಾತ್ರ ನೀರು ಏರಲೂ ಇಲ್ಲ, ಇಳಿಯಲೂ ಇಲ್ಲ. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆಯೊಳಗೆ ಸದ್ದು ಒಂದು ಕಡೆ ಜೋರಾಗಿ, ಇನ್ನೊಂದು ಕಡೆ ಇಲ್ಲವೇ ಇಲ್ಲವಾಗಿ ನಿಲ್ಲುವುದನ್ನು ಅಳೆದದ್ದು ನೆನಪಾಯಿತು. ನಮ್ಮ ಪಡಸಾಲೆಯೂ ಒಂದು ಪರಾತ. ನಾಲ್ಕೂ ಗೋಡೆ ಒಂದೇ ಅಳತೆ. ಪೆಟ್ಟಿಗೆ ಮೂಲೆಯಲ್ಲಿ. ದಪ್ಪ ಸದ್ದೆಲ್ಲ ಗೋಡೆಗಳ ಹತ್ತಿರ ಏರಿ ಇಳಿಯುತ್ತಿದೆ, ನಟ್ಟನಡುವೆ ಸತ್ತು ಬಿದ್ದಿದೆ. ಆ ನಟ್ಟನಡುವೆ ಅಪ್ಪಾಜಿ ಕೂತಿದ್ದಾರೆ. ಇಡೀ ಮನೆಯಲ್ಲಿ ಅದು ಕೇಳಿಸದ ಜಾಗವೆಂದರೆ ಅದೊಂದೇ. ಕೇಳಿಸುತ್ತದೋ ಇಲ್ಲವೋ ಎಂದು ಹೇಳುವ ಅಧಿಕಾರ ಇದ್ದದ್ದೂ ಆ ಜಾಗಕ್ಕೊಂದಕ್ಕೇ.

ಇನ್ನೊಂದು ಚೀಟಿ ಬರೆದೆ. ಪೆಟ್ಟಿಗೆಯನ್ನು ಮೂಲೆಯಿಂದ, ಹಲಗೆಯಿಂದ ದೂರ ತನ್ನಿ. ಸಾವ್ಕಾರರ ಕುರ್ಚಿಯನ್ನು ನಡುವಿನಿಂದ ಐದಾರು ಅಡಿ ಹಿಂದಕ್ಕೆ ಹಾಕಿ. ಇಷ್ಟು ಮಾಡಿದರೆ ಸರಿಹೋಗುತ್ತದೆ. ಅವ್ವ ಒಯ್ದು ಕೊಟ್ಟಳು. ಸಂಜೆಯ ತನಕ ಕಾದೆ. ಏನೂ ಆಗಲಿಲ್ಲ, ಗುದ್ದು ನಿಲ್ಲಲಿಲ್ಲ.

"ಚೀಟಿ ಏನಾತವ್ವ?"

"ಓದ್ದ. ಮಡಚಿ ಜೇಬಲ್ಲಿ ಇಟ್ಕಂಡ. ಸಾವ್ಕಾರ್ರಿಗೆ ಕುರ್ಚಿ ಬಿಟ್ಟು ಏಳ್ರಿ ಅಂತ ನಾ ಹೇಳ್ಲಾರೆ ಅವ್ವಾರೆ ಅಂದ."

"ನೀನು ಹೇಳು ಮತ್ತೆ."

ಅವ್ವ ನನ್ನನ್ನೊಮ್ಮೆ ನೋಡಿ, ಕೂಸಿನ ಒದ್ದೆ ಬಟ್ಟೆ ಎತ್ತಿಕೊಂಡು ಹೊರಗೆ ಹೋದಳು.

ಭಾನುವಾರ ಬಂತು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ದಂಡೆಗಳನ್ನು ತಂದು ನನ್ನ ಮಂಚದ ಪಕ್ಕದ ಗೂಡಿನಲ್ಲಿಟ್ಟಳು. ಮುಡಿಯಲು ಅಲ್ಲ. ಮಲ್ಲಿಗೆ ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ ಎಂದು ನಮ್ಮ ಕಡೆ ಹೆಂಗಸರು ನಂಬುತ್ತಾರೆ. ಪಕ್ಕದಲ್ಲಿ ತೊಳೆದಿಟ್ಟ ಬೆಳ್ಳಿಯ ಒಳಲೆ. "ನಾಳೆ ಬೆಳಗ್ಗೆ ತಲೆ ಮೇಲೆ ನೀರು ಹಾಕ್ಕಂಡ್ ಮೇಲೆ ಕಟ್ಟಣ. ಮೂರು ದಿನ ನೋವಾಗ್ತದೆ, ತಡ್ಕ" ಎಂದು ಪ್ರೀತಿಯಿಂದಲೇ ಹೇಳಿ ಹೋದಳು. ಕೋಣೆ ತುಂಬ ಮಲ್ಲಿಗೆಯ ವಾಸನೆ. ಮಗಳು ನನ್ನ ತೋಳಿನಲ್ಲಿ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಪೆಟ್ಟಿಗೆ ಸುಮ್ಮನಿತ್ತು, ಕರೆಂಟ್ ಹೋಗಿತ್ತು. ಎಷ್ಟು ದಿನಗಳ ಮೇಲೆ ಹೊಟ್ಟೆ ತುಂಬ ಕುಡಿಯುತ್ತಿದ್ದಾಳೆ ಎಂದು ನೋಡುತ್ತ ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಕುಡಿಯುವ ಕೂಸಿಗೆ ನಾಳೆ ನಾನು ಹಾಲಿಲ್ಲ ಎನ್ನಬೇಕು.

ಕರೆಂಟ್ ಬಂತು. ಧಮ್. ಕೈ ಮೇಲಕ್ಕೆ ಹೋದವು, ಬಾಯಿ ಬಿಟ್ಟುಹೋಯಿತು.

ನಾನು ಎದ್ದೆ. ಸ್ಕಾರ್ಫ್ ಬಿಚ್ಚಿದೆ, ಪಂಚೆ ಬಿಚ್ಚಿದೆ, ಅರಳೆ ಕಿತ್ತೆಸೆದೆ. ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ನಡುಮನೆ ದಾಟಿ ಪಡಸಾಲೆಯ ಬಾಗಿಲಿಗೆ ಬಂದು ನಿಂತೆ. ತಿಂಗಳೊಪ್ಪತ್ತು ಕತ್ತಲಿಗೆ ಒಗ್ಗಿದ್ದ ಕಣ್ಣು, ಮೊದಲು ಏನೂ ಕಾಣಲಿಲ್ಲ. ಆಮೇಲೆ ಮೆಕ್ಯಾನಿಕ್ ತಲೆ ತಗ್ಗಿಸಿ ಗೋಡೆ ಕಡೆ ತಿರುಗಿದ್ದು ಕಂಡಿತು. ಅಡುಗೆಮನೆಯಿಂದ ಓಡಿ ಬಂದ ಅವ್ವ ಮತ್ತು ಅತ್ತೆ ಕಂಡರು. ಕುರ್ಚಿಯಲ್ಲಿ ಅಪ್ಪಾಜಿ.

"ಅಪ್ಪಾಜಿ, ನೀವು ಹುಡುಕೋ ಗುಡುಗು ಇಲ್ಲಿಲ್ಲ. ನನ್ನ ಕೋಣೇಲೈತೆ. ಬಂದು ಕೇಳ್ರಿ."

"ಒಳಗೆ ನಡಿಯೇ" ಎಂದು ಅತ್ತೆ ನನ್ನ ರಟ್ಟೆ ಹಿಡಿದಳು. "ತಮ್ಮಾ, ನಾ ಹೇಳಿರ್ಲಿಲ್ವಾ, ಇದಕ್ಕೆ ತಲೆ..."

ಅಪ್ಪಾಜಿ ಕೈಯೆತ್ತಿ ಆಕೆಯನ್ನು ತಡೆದರು. ಎದ್ದರು. ನನಗೆ ಸೋತು ಎದ್ದರೆಂದು ನಾನು ಭ್ರಮೆ ಪಟ್ಟುಕೊಂಡಿಲ್ಲ. ಗುಡುಗಿನ ಆಸೆ ಅವರನ್ನು ಎಬ್ಬಿಸಿತು, ಅಷ್ಟೇ. ತಲೆ ಬಗ್ಗಿಸಿ ಕೋಣೆಗೆ ಬಂದರು. ಕತ್ತಲಲ್ಲಿ ತಡವರಿಸಿ, ಮಂಚದ ಅಂಚು ಸಿಕ್ಕಿದ ಮೇಲೆ ಹಲಗೆಗೆ ಬೆನ್ನು ಕೊಟ್ಟು ಕೂತರು. "ಹಾಕಯ್ಯ" ಎಂದು ಕೂಗಿದರು.

ಅವನು ಗುಡುಗಿನ ಜಾಗಕ್ಕೇ ಹಾಕಿದ. ಹಲಗೆ ಗುದ್ದಿತು. ಅಪ್ಪಾಜಿಯ ಕೈ ತಾನಾಗಿ ಎದೆಗೆ ಹೋಯಿತು. "ಹಾಂ, ಇದೇ. ಇದೇ ನೋಡು" ಎಂದರು. ಆ ಮಬ್ಬಿನಲ್ಲೂ ಅವರ ಮುಖ 'ನೋಡಿದೆಯಾ' ಎಂದು ಅರಳಿದ್ದು ಕಾಣುತ್ತಿತ್ತು. ನಾನು ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿದೆ.

ಎರಡನೇ ಗುಡುಗಿಗೆ ಮಗಳ ಕೈಗಳು ಮೇಲೆ ಹಾರಿದವು. ಅಪ್ಪಾಜಿ ಕೆಳಗೆ ನೋಡಿದರು. ಮೂರನೆಯದಕ್ಕೆ ಮತ್ತೆ ಹಾರಿದವು, ಉಸಿರು ನಿಂತಿತು, ಕಿರುಚಿದಳು. ನಾಲ್ಕನೆಯದು ಬೀಳುವ ಮೊದಲು ಅವರು ತಮ್ಮ ಅಗಲ ಅಂಗೈಯನ್ನು ಕೂಸಿನ ಎದೆಯ ಮೇಲಿಟ್ಟರು. ಅದರಿಂದ ಏನೂ ಆಗಲಿಲ್ಲ.

"ಬಂದ್ ಮಾಡೋ" ಎಂದರು. ದನಿ ಸಣ್ಣಗಿತ್ತು, ಆಚೆ ಕೇಳಲಿಲ್ಲ. ಇನ್ನೊಂದು ಸಲ ಕೂಗಬೇಕಾಯಿತು.

"ಎಷ್ಟು ದಿನದಿಂದ ಹಿಂಗೆ?"

"ಪೆಟ್ಟಿಗೆ ಬಂದಾಗಿಂದ."

"ಯಾರೂ ಹೇಳ್ಲಿಲ್ವಲ್ಲ ನಂಗೆ."

ನನಗೆ ನಗು ಬಂತು, ಅಳುವೂ ಬಂತು. ಅವರು ಕೂಸನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಎತ್ತಿ ನನಗೆ ಕೊಟ್ಟು ಹೊರಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ, "ಹಾಲು ಬಿಡ್ಸೋ ಮಾತು ಬ್ಯಾಡ. ಹಾಲಿಂದಲ್ಲ ಅದು, ಪೆಟ್ಟಿಗೆದು" ಎಂದರು. ಅತ್ತೆ ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡದೆ, "ನಾನೂ ಅದನ್ನೇ ಅಂದ್ಕಂಡಿದ್ದೆ" ಎಂದಳು. ಆಮೇಲೆ ಪೆಟ್ಟಿಗೆ ಎದುರು ಗೋಡೆಗೆ ಹೋಯಿತು. ಅಪ್ಪಾಜಿ ತಮ್ಮ ಕುರ್ಚಿಯನ್ನು ತಾವೇ ಎಳೆದು ಹಿಂದಕ್ಕೆ ಹಾಕಿಕೊಂಡರು. ಗುಡುಗು ಎದೆಗೆ ಬಂತಂತೆ. ಶಿಕಾರಿಪುರದ ಹುಡುಗ ಕೊನೆಗೂ ಕೆಲಸ ಸಾಧಿಸಿದ ಎಂದು ಊರೆಲ್ಲ ಮಾತಾಯಿತು. ಆಗಲಿ. ನನಗೆ ಉರಿದದ್ದು ಅದಲ್ಲ. ನಾನು ಹನ್ನೆರಡು ದಿನ ಕೇಳಿದ್ದು ಸನ್ನಿಯಾಗಿತ್ತು. ಅಪ್ಪಾಜಿ ಒಂದು ನಿಮಿಷ ಕೂತು ಕೇಳಿದ್ದು ನಿಜವಾಯಿತು.

ಆ ಸಂಜೆ ಮಗಳು ಹೊಟ್ಟೆ ತುಂಬ ಕುಡಿದು ಮಲಗಿದಳು. ಅವ್ವ ಊಟ ತಂದಳು. ಮೆಣಸಿನ ಸಾರು, ತುಪ್ಪ, ಬಿಸಿ ಅನ್ನ. ನಾನು ಉಣ್ಣುವುದನ್ನು ನೋಡುತ್ತ ಮಂಚದ ಕಾಲಬದಿಗೆ ಕೂತಿದ್ದಳು. ಯಾರಿಗೋ ಬೇರೆಯವರಿಗೆ ಹೇಳುವ ಹಾಗೆ ಹೇಳಿದಳು.

"ನಂಗೂ ಕೇಳ್ತಿತ್ತು ಕಣೆ."

ತುತ್ತು ಕೈಯಲ್ಲೇ ಉಳಿಯಿತು. "ಏನು?"

"ಅದೇ, ಗುದ್ದೋದು. ಮೊದ್ಲನೇ ದಿನದಿಂದ. ಅಡುಗೆಮನೆ ಬಾಗ್ಲಲ್ಲಿ ನಿಂತ್ರೆ ಕಾಲಡಿಗೇ ಬರ್ತಿತ್ತು. ಅವರು ಕೇಳ್ಸಲ್ಲ ಅಂದ್ಮೇಲೆ ನಾನು ಕೇಳ್ತದೆ ಅಂತ ಹೆಂಗೆ ಅನ್ಲಿ?"

"ನಾಳೆ ಹಾಲು ಬತ್ತಿಸ್ತಿದ್ರಲ್ಲವ್ವ. ಕೂಸಿಗೆ."

"ಹೂಂ."

"ನಾನು ಎದ್ದು ಬರದೇ ಇದ್ದಿದ್ರೆ ಏನ್ ಮಾಡ್ತಿದ್ದೆ ನೀನು?"

ಅವ್ವ ಮೊಮ್ಮಗಳ ಹೊದಿಕೆ ಸರಿ ಮಾಡಿದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಏನ್ ಮಾಡ್ಲಿ. ಆಕಳ ಹಾಲು ಕಾಸ್ಕಂಡು ತರ್ತಿದ್ದೆ" ಎಂದಳು.

ನಾವಿಬ್ಬರೂ ಆ ಕೋಣೆಯಲ್ಲಿ ಇನ್ನೂ ಒಂದೂವರೆ ತಿಂಗಳು ಒಟ್ಟಿಗೆ ಕಳೆಯಬೇಕಿತ್ತು.